ಹತ್ತಕ್ಕೆ ಹತ್ತು

ಟಿಕ್ಕಕ್ಕ ಅಂತ ಅವಳಿಗೆ ಹೆಸರು ಬಿದ್ದಿದ್ದು ಸುಮ್ಮನೆ ಅಲ್ಲ. ಒಂಬತ್ತು ವರ್ಷದಿಂದ, ಬೆಳಿಗ್ಗೆ ಐದೂವರೆಗೆ ಆಸ್ಪತ್ರೆಯ ವಾಹನ ವಿಭಾಗದ ಬೀಗ ತೆಗೆದು, ಕಂಪ್ಯೂಟರ್ ಹಚ್ಚಿ, ಮೇಲ್ ತೆರೆದು, ಅದರೊಳಗಿನ ಕ್ಯಾಲೆಂಡರುಗಳಿಗೆ ಒಂದೊಂದಾಗಿ ಟಿಕ್ ಹಾಕುತ್ತಾ ಬಂದವಳು ಅವಳು. ಹದಿನಾಲ್ಕು ವ್ಯಾನು, ಹದಿನಾಲ್ಕು ಕ್ಯಾಲೆಂಡರು. ಯಾವ ವ್ಯಾನು ಎಷ್ಟು ಗಂಟೆಗೆ ಯಾವ ರೋಗಿಯ ಮನೆ ಮುಂದೆ ನಿಲ್ಲಬೇಕು ಅನ್ನುವುದೆಲ್ಲ ಅದರಲ್ಲಿ. ಟಿಕ್ ಹಾಕಿದರೆ ಕ್ಯಾಲೆಂಡರು ಪರದೆ ಮೇಲೆ ಬರುತ್ತದೆ, ಹಾಕದಿದ್ದರೆ ಇಲ್ಲ. ಆ ಹಾಳು ಕಂಪ್ಯೂಟರಿಗೆ ನೆನಪು ಅನ್ನುವುದೇ ಇಲ್ಲ. ಸಂಜೆ ಆರಿಸಿದರೆ ಸಾಕು, ನಿನ್ನೆಯ ಟಿಕ್ಕುಗಳನ್ನೆಲ್ಲ ನುಂಗಿ ನೀರು ಕುಡಿದು, ಮಾರನೇ ದಿನ ಏನೂ ಅರಿಯದ ಹಾಗೆ ಖಾಲಿ ಪರದೆ ತೋರಿಸುತ್ತದೆ.

ಅವಳಿಗೇನೂ ಅದರಿಂದ ಬೇಜಾರಿರಲಿಲ್ಲ. ಟಿಕ್ ಹಾಕುವಾಗ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು. ಬಾಗಿಲ ಪಕ್ಕದ ಉದ್ದ ಬೆಂಚಿನಲ್ಲಿ ಡ್ರೈವರುಗಳು ಟೀ ಲೋಟ ಹಿಡಿದು ಕೂತಿರುತ್ತಿದ್ದರು.

"ಒಂದು, ಗುಂಡ."

"ಇದ್ದೀನಿ ಅಕ್ಕಾ."

"ಎರಡು, ಸೈಲೆಂಟು."

ಸೈಲೆಂಟು ಲೋಟ ಎತ್ತಿ ತೋರಿಸುತ್ತಿದ್ದ, ಬಾಯಿ ಬಿಡುತ್ತಿರಲಿಲ್ಲ. ಮಿಕ್ಕವರು ನಗುತ್ತಿದ್ದರು. ಹೀಗೆ ಹದಿನಾಲ್ಕರವರೆಗೆ ಹಾಜರಿ. ನಡುವೆ ಯಾರಾದರೂ "ಅಕ್ಕಾ, ನನ್ನ ಬಿಟ್ರಿ" ಅಂದರೆ ಟಿಕ್ ತಪ್ಪಿದೆ ಅಂತ ಗೊತ್ತಾಗುತ್ತಿತ್ತು. ಕಾಲು ಗಂಟೆಯ ಕೆಲಸ, ಅದರಲ್ಲಿ ಅರ್ಧ ತಮಾಷೆ. ಆ ತಮಾಷೆಯೇ ಅಲ್ಲಿನ ಕಾವಲು ಅಂತ ಯಾರಿಗೂ ಹೊಳೆದಿರಲಿಲ್ಲ, ಅವಳಿಗೂ ಹೊಳೆದಿರಲಿಲ್ಲ.

ಇನ್ನೊಂದು ರೂಢಿಯಿತ್ತು. ವರ್ಷಕ್ಕೆ ಎರಡು ಮೂರು ಸಲ ಯಾವುದಾದರೂ ವ್ಯಾನು ಕೈಕೊಡುತ್ತಿತ್ತು. ಆಗ ಪಕ್ಕದ ಬಟ್ಟೆ ಒಗೆಯುವ ವಿಭಾಗದಿಂದ ಅವರ ವ್ಯಾನು ಕೇಳಿ ತರುವುದು, ಅದಕ್ಕೆ 'ಎರವಲು' ಅಂತ ಒಂದು ಹೊಸ ಕ್ಯಾಲೆಂಡರು ತೆರೆಯುವುದು, ಕೆಲಸ ಮುಗಿದ ಮೇಲೆ ಅಳಿಸಿಹಾಕುವುದು. ಹದಿನಾಲ್ಕು ಮುಗಿದ ಮೇಲೆ ಅವಳು "ಎರವಲು!" ಅಂತ ಕೂಗಿದರೆ ಬೆಂಚಿನ ಮೇಲೆ ನಗೆಯೋ ನಗೆ. ಆ ಗಾಡಿಯಲ್ಲಿ ಕೂತರೆ ಸೋಪಿನ ವಾಸನೆ, ಇಳಿಯುವ ರೋಗಿಗೆ ಇಸ್ತ್ರಿ ಆಗಿರುತ್ತೆ ಅಂತ ಗುಂಡನ ಹಳೇ ಜೋಕು. ಆದರೆ ಅದನ್ನು ಯಾರೂ ತಮ್ಮ ಗಾಡಿ ಅಂತ ಎಣಿಸಿದವರಲ್ಲ. ನಿಮ್ಮಲ್ಲಿ ಎಷ್ಟು ವ್ಯಾನು ಅಂದರೆ ನಿದ್ದೆಗಣ್ಣಲ್ಲೂ ಹದಿನಾಲ್ಕು ಅನ್ನುತ್ತಿದ್ದರು.

ಇವರು ಸಾಗಿಸುತ್ತಿದ್ದವರಲ್ಲಿ ಹೆಚ್ಚಿನವರು ಡಯಾಲಿಸಿಸ್ ರೋಗಿಗಳು. ಕಿಡ್ನಿ ಕೆಲಸ ನಿಲ್ಲಿಸಿದವರು, ವಾರಕ್ಕೆ ಮೂರು ಸಲ ಬಂದು ಯಂತ್ರದಲ್ಲಿ ರಕ್ತ ತೊಳೆಸಿಕೊಂಡು ಹೋಗಬೇಕು. ಒಂದು ಸಲ ತಪ್ಪಿದರೆ ಮೈಯೆಲ್ಲ ನೀರು, ವಿಷ. ಒಂದು ತಪ್ಪಿ ಮುಂದಿನದೂ ದೂರ ಇದ್ದರೆ ಜೀವಕ್ಕೇ ಸಂಚಕಾರ. ಟಿಕ್ಕಕ್ಕನಿಗೆ ಇದೆಲ್ಲ ವಾರ್ಡಿನ ನರ್ಸಿಗಿಂತ ಚೆನ್ನಾಗಿ ಗೊತ್ತಿತ್ತು.

ಅವರ ಪೈಕಿ ಒಬ್ಬರು ಮೇಷ್ಟ್ರು. ಲೆಕ್ಕದ ಮೇಷ್ಟ್ರಾಗಿ ನಿವೃತ್ತರಾದವರು, ಎಪ್ಪತ್ತೈದು ದಾಟಿತ್ತು. ಊರಾಚೆ ಏರುರಸ್ತೆಯ ಕೊನೆಯಲ್ಲಿ ಮೂರನೇ ಮಹಡಿಯ ಮನೆ, ಒಬ್ಬರೇ. ಮಗಳೊಬ್ಬಳು ಎರಡು ಗಂಟೆ ಪ್ರಯಾಣದ ದೂರದಲ್ಲಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಮಂಗಳವಾರ, ಗುರುವಾರ, ಶನಿವಾರ ಆರೂವರೆಗೆ ಒಂಬತ್ತನೇ ವ್ಯಾನು ಬಂದು ಅವರನ್ನು ಕರೆದೊಯ್ಯಬೇಕು. ಮೇಷ್ಟ್ರು ಆರಕ್ಕೇ ಕೆಳಗಿಳಿದು, ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿಕೊಂಡು, ಶರಟಿನ ಗುಂಡಿ ಕತ್ತಿನವರೆಗೂ ಹಾಕಿ, ಚೀಲ ತೊಡೆ ಮೇಲಿಟ್ಟುಕೊಂಡು ಕಾಯುತ್ತಿದ್ದರು. ಕಾಯುತ್ತಾ ಸುಮ್ಮನಿದ್ದಿದ್ದರೆ ಪುಣ್ಯಾತ್ಮರು ಅನ್ನಬಹುದಿತ್ತು. ಕೈಯಲ್ಲಿ ಫೋನು.

"ಅಕ್ಕಾವ್ರೇ, ಗಾಡಿ ಹೊರಟಿತಾ?"

"ಹೊರಟಿದೆ ಮೇಷ್ಟ್ರೇ."

ಐದು ನಿಮಿಷಕ್ಕೆ ಮತ್ತೆ. "ಅಕ್ಕಾವ್ರೇ, ಎಲ್ಲಿಗೆ ಬಂದಿರಬಹುದು?"

"ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ನನ್ನನ್ನ ಅಕ್ಕ ಅಂತೀರಲ್ಲ, ನಾಚಿಕೆ ಆಗಲ್ವಾ ನಿಮಗೆ?"

"ಎಲ್ಲರೂ ಅಂತಾರೆ, ನಾನೂ ಅಂದೆ. ಗಾಡಿ ಎಲ್ಲಿದೆ ಹೇಳಿ."

ಬೆಳಗಿನ ಹೊತ್ತು ಆ ಕೋಣೆಯಲ್ಲಿ ಫೋನು ಇಡಲು ಪುರುಸೊತ್ತಿರುವುದಿಲ್ಲ. ಒಂದು ದಿನ ಮೇಷ್ಟ್ರು ಹನ್ನೊಂದು ಸಲ ಮಾಡಿದರು, ಅವಳು ಎಣಿಸಿದ್ದಳು. ಹನ್ನೊಂದನೆಯದಕ್ಕೆ ಟಿಕ್ಕಕ್ಕನ ತಾಳ್ಮೆಯ ಕಟ್ಟೆ ಒಡೆಯಿತು. ಆದರೂ ಹಿರಿಯರು, ಸಿಡುಕಲು ಮನಸ್ಸು ಬರಲಿಲ್ಲ. ತಮಾಷೆಗೆ ತಿರುಗಿಸಿದಳು.

"ಮೇಷ್ಟ್ರೇ, ನೀವು ಎಷ್ಟು ಮಕ್ಕಳಿಗೆ ಇಂಪೊಸಿಷನ್ ಬರೆಸಿದೀರಿ?"

"ಲೆಕ್ಕವಿಲ್ಲ ಕಣಮ್ಮ."

"ಹಾಗಾದ್ರೆ ಈವತ್ತು ನಿಮ್ಮ ಸರದಿ. 'ಗಾಡಿ ಬಂದೇ ಬರುತ್ತದೆ, ನಾನು ಫೋನ್ ಮಾಡುವುದಿಲ್ಲ' ಅಂತ ಹತ್ತು ಸಲ ಬರೆದು ನನಗೆ ಕಳಿಸಬೇಕು. ಇಲ್ಲಾಂದ್ರೆ ಬೆಂಚಿನ ಮೇಲೆ ನಿಲ್ಲಿಸ್ತೀನಿ."

ಆ ಕಡೆಯಿಂದ ಮುದುಕರು ಗಹಗಹಿಸಿ ನಕ್ಕರು. ಅವರು ಹಾಗೆ ನಕ್ಕಿದ್ದನ್ನು ಅವಳು ಕೇಳಿದ್ದು ಅದೇ ಮೊದಲು. ಎರಡು ದಿನ ಬಿಟ್ಟು ಒಂಬತ್ತನೇ ವ್ಯಾನಿನ ಡ್ರೈವರು ಮೀಸೆ ಒಂದು ಮಡಿಸಿದ ಹಾಳೆ ತಂದು ಮೇಜಿನ ಮೇಲಿಟ್ಟ. ಗೆರೆ ಎಳೆದು, ಅಂಚು ಬಿಟ್ಟು, ಮುತ್ತು ಪೋಣಿಸಿದ ಹಾಗೆ ಹತ್ತು ಸಾಲು. ಕೋಣೆಯಲ್ಲಿ ನಕ್ಕಿದ್ದೇ ನಕ್ಕಿದ್ದು. ಟಿಕ್ಕಕ್ಕ ಕೆಂಪು ಪೆನ್ನು ತೆಗೆದು ಪ್ರತಿ ಸಾಲಿಗೂ ಟಿಕ್ ಹಾಕಿ, ಕೆಳಗೆ ಹತ್ತಕ್ಕೆ ಹತ್ತು ಕೊಟ್ಟು, ಸುತ್ತ ಒಂದು ವೃತ್ತ ಎಳೆದು ಮೀಸೆಯ ಕೈಯಲ್ಲೇ ವಾಪಸು ಕಳಿಸಿದಳು. ಮೇಷ್ಟ್ರು ಅದನ್ನು ಮನೆಯಲ್ಲಿ ಫೋನು ಇಡುವ ಗೂಡಿನ ಮೇಲ್ಗಡೆ ಗೋಡೆಗೆ ಅಂಟಿಸಿಕೊಂಡಿದ್ದಾರೆ ಅಂತ ಆಮೇಲೆ ಮೀಸೆ ಹೇಳಿದ. ಆವತ್ತಿನಿಂದ ಅವರ ಫೋನು ಬರಲಿಲ್ಲ. ಒಂದೇ ಒಂದು ಸಲವೂ ಬರಲಿಲ್ಲ. ಟಿಕ್ಕಕ್ಕನಿಗೆ ಬೆಳಗುಗಳು ಹಗುರವಾದವು, ಸುಳ್ಳು ಯಾಕೆ ಹೇಳಬೇಕು.

ಅಷ್ಟರಲ್ಲಿ ಹೊಸ ಸಾಹೇಬರು ಬಂದರು. ಗಡಿಯಾರ ನುಂಗಿ ಹುಟ್ಟಿದವರ ಹಾಗೆ ಎಲ್ಲದಕ್ಕೂ ನಿಮಿಷ ಕೇಳುವ ಆಸಾಮಿ. ಒಂದು ಬೆಳಿಗ್ಗೆ ಬಾಗಿಲಲ್ಲಿ ನಿಂತು ಇಡೀ ಹಾಜರಿ ನೋಡಿದರು.

"ಇದೇನು ನಾಟಕ?"

"ಕ್ಯಾಲೆಂಡರ್ ತೆಗೀತಾ ಇದೀನಿ ಸಾರ್."

"ದಿನಕ್ಕೆ ಹದಿನೈದು ನಿಮಿಷ. ವರ್ಷಕ್ಕೆ ಎಷ್ಟಾಯ್ತು ಗೊತ್ತಾ? ಇದನ್ನೆಲ್ಲ ತಾನೇ ತೆಗೆಯೋ ಹಾಗೆ ಮಾಡಿಸ್ಕೊಳಿ."

ಮಾಡಿಕೊಡಲು ಬಂದವನು ಆಸ್ಪತ್ರೆಯ ಕಂಪ್ಯೂಟರ್ ನೋಡಿಕೊಳ್ಳುವವನು. ಯಾವಾಗಲೂ ಕತ್ತಿಗೆ ವೈರು ಸುತ್ತಿಕೊಂಡೇ ಓಡಾಡುತ್ತಿದ್ದರಿಂದ ಅವನಿಗೆ ಕೇಬಲ್ ಅಂತಲೇ ಹೆಸರು. ಒಳ್ಳೆಯವನು, ಎರಡು ಮಕ್ಕಳ ತಂದೆ, ಒಂದು ಪ್ರಶ್ನೆಗೆ ಮೂರು ಪ್ರಶ್ನೆ ಕೇಳುವ ಹುಷಾರು ಮನುಷ್ಯ.

"ಅಕ್ಕಾ, ಮೇಲ್ ತೆರೆದ ಕೂಡಲೇ ಒಂದು ಸಣ್ಣ ಪ್ರೋಗ್ರಾಂ ಓಡುತ್ತೆ. ಮೊದಲು ಎಲ್ಲ ಕ್ಯಾಲೆಂಡರೂ ಮುಚ್ಚುತ್ತೆ. ಆಮೇಲೆ ಪಟ್ಟಿಯಲ್ಲಿರೋದನ್ನ ಮಾತ್ರ ತೆಗೆದು ಸಾಲಾಗಿ ತೋರಿಸುತ್ತೆ. ಪಟ್ಟಿ ಹೇಳಿ."

"ಒಂದರಿಂದ ಹದಿನಾಲ್ಕು."

"ಇದಲ್ಲದೆ ಬೇರೆ ಯಾವುದಾದ್ರೂ ನಡುವೆ ಸೇರೋದು ಇದೆಯಾ? ಯಾವತ್ತಾದ್ರೂ?"

"ಒಂಬತ್ತು ವರ್ಷದಿಂದ ಹದಿನಾಲ್ಕೇ ಕಣೋ. ಇನ್ನೆಲ್ಲಿಂದ ಹುಟ್ಟುತ್ತೆ?"

"ಸರಿ ಅಕ್ಕಾ."

ಮಾರನೇ ದಿನ ಮೇಲ್ ತೆರೆದರೆ, ಅಬ್ಬಾ! ಒಂದೇ ಉಸಿರಿಗೆ ಹದಿನಾಲ್ಕೂ ಪರದೆ ಮೇಲೆ, ಬಣ್ಣ ಬಣ್ಣವಾಗಿ, ಶಿಸ್ತಾಗಿ. ಗುಂಡಿ ಒತ್ತಿದರೆ ಹದಿನಾಲ್ಕು ಚೀಟಿ ಮುದ್ರಣವಾಗಿ ಬಂತು. ಡ್ರೈವರುಗಳು ಚೀಟಿ ತೆಗೆದುಕೊಂಡು ಹೋದರು. ಹಾಜರಿ ಇಲ್ಲ, ಲೋಟ ಎತ್ತುವುದಿಲ್ಲ, ನಗುವಿಲ್ಲ. ಗುಂಡ ಬಾಗಿಲಲ್ಲಿ ನಿಂತು "ಅಕ್ಕಾ, ಬೋರು" ಅಂದ. "ಸಂಬಳ ಬೋರಿಗೇ ಕೊಡೋದು, ಹೋಗು" ಅಂದಳು. ಅವಳಿಗೂ ಒಳಗೊಳಗೆ ಖಾಲಿ ಅನಿಸಿತ್ತು, ಆದರೆ ಎರಡು ವಾರದಲ್ಲಿ ಅಭ್ಯಾಸವಾಯಿತು.

ಮೂರನೇ ತಿಂಗಳ ಒಂದು ಶುಕ್ರವಾರ ಮಧ್ಯಾಹ್ನ ಒಂಬತ್ತನೇ ವ್ಯಾನಿನ ಗೇರ್‌ಬಾಕ್ಸು ಹೋಯಿತು. ಮೀಸೆ ಅದನ್ನು ಎಳೆಸಿಕೊಂಡು ದೂರದ ಗ್ಯಾರೇಜಿಗೆ ಹೋದ, ಸೋಮವಾರದ ತನಕ ಅಲ್ಲೇ. ಶನಿವಾರಕ್ಕೆ ಒಂಬತ್ತರಲ್ಲಿ ನಾಲ್ಕು ಜನ ಇದ್ದರು. ಮೂವರನ್ನು ದಾರಿಯಲ್ಲಿ ಸಿಗುತ್ತಾರೆ ಅಂತ ಬೇರೆ ವ್ಯಾನುಗಳಿಗೆ ಹಂಚಿದಳು. ಉಳಿದವರು ಮೇಷ್ಟ್ರು ಒಬ್ಬರು. ಏರುರಸ್ತೆಯ ಕಡೆ ಬೇರೆ ಯಾವ ವ್ಯಾನೂ ಹೋಗುವುದಿಲ್ಲ. ಟಿಕ್ಕಕ್ಕ ಬಟ್ಟೆ ವಿಭಾಗಕ್ಕೆ ಹೋಗಿ ಗಾಡಿ ಕೇಳಿದಳು, ಅವರ ಹೊಸ ಡ್ರೈವರು ಬೆಳಿಗ್ಗೆ ಬರುತ್ತಾನೆ ಅಂದರು. ವಾಪಸು ಬಂದು 'ಎರವಲು' ಅಂತ ಹೊಸ ಕ್ಯಾಲೆಂಡರು ತೆರೆದಳು. ಒಂಬತ್ತರಲ್ಲಿದ್ದ ಮೇಷ್ಟ್ರ ಸಾಲನ್ನು ಪೂರ್ತಿ ಅದಕ್ಕೆ ಸಾಗಿಸಿದಳು. ಪರದೆಯ ಮೇಲೆ ಹದಿನೈದನೆಯದಾಗಿ ಅದು ಕಾಣಿಸಿತು. ಶನಿವಾರ ಆರೂವರೆ, ಮೇಷ್ಟ್ರು. ಎಲ್ಲ ಸರಿಯಾಗಿದೆ ಅಂದುಕೊಂಡು ಕಂಪ್ಯೂಟರ್ ಆರಿಸಿ ಮನೆಗೆ ಹೋದಳು.

ಶನಿವಾರ ಬೆಳಿಗ್ಗೆ ಪ್ರೋಗ್ರಾಂ ತನ್ನ ಕೆಲಸ ಮಾಡಿತು. ಎಲ್ಲ ಮುಚ್ಚಿತು, ಪಟ್ಟಿಯಲ್ಲಿದ್ದ ಹದಿನಾಲ್ಕನ್ನು ತೆಗೆಯಿತು. ಒಂಬತ್ತು ಖಾಲಿ ಇತ್ತು. ಗ್ಯಾರೇಜಿನಲ್ಲಿದೆ, ಖಾಲಿ ಇರಬೇಕಾದ್ದೇ ಅಂದುಕೊಂಡಳು. ಚೀಟಿಗಳು ಬಂದವು, ಡ್ರೈವರುಗಳು ಹೋದರು. ಅವತ್ತು ಇಬ್ಬರು ರಜೆ, ಒಂದು ಕಡೆ ರಸ್ತೆ ಬಂದ್, ಫೋನು ಬಡಿದುಕೊಳ್ಳುತ್ತಲೇ ಇತ್ತು. ಬಟ್ಟೆ ವಿಭಾಗದ ಡ್ರೈವರು ಬಂದು ಬೆಂಚಿನ ತುದಿಯಲ್ಲಿ ಕೂತಿದ್ದ. ಅವನಿಗೆ ಅಲ್ಲಿನ ರೀತಿ ಗೊತ್ತಿಲ್ಲ. ಏಳೂವರೆ ತನಕ ಕಾದು, "ಮೇಡಂ, ನನಗೆ ಚೀಟಿ ಇಲ್ವಾ?" ಅಂತ ಕೇಳಿದ. ಕಿವಿಗೆ ಫೋನು ಒತ್ತಿಕೊಂಡಿದ್ದ ಟಿಕ್ಕಕ್ಕ ಕೇಳಿದವನು ಯಾರು ಅಂತಲೂ ನೋಡದೆ ಪ್ರಿಂಟರಿನ ಕಡೆ ಕಣ್ಣು ಹಾಯಿಸಿದಳು. ಖಾಲಿ. ಇಲ್ಲ ಅಂತ ಕೈಯಾಡಿಸಿದಳು. ಅವನು ಎದ್ದು ಹೋದ.

ಇದ್ದದ್ದು ಅಷ್ಟೇ. ಒಂದು ಕೈ ಅತ್ತಿಂದಿತ್ತ ಆಡಿದ್ದು. ಹಳೆಯ ರೀತಿಯಿದ್ದಿದ್ದರೆ ಹದಿನಾಲ್ಕರ ಕೊನೆಗೆ ಅವಳು "ಎರವಲು!" ಅಂತ ಕೂಗುತ್ತಿದ್ದಳು, ಎಲ್ಲರೂ ನಗುತ್ತಿದ್ದರು, ಆ ಹೊಸಬ ಎದ್ದು ನಿಲ್ಲುತ್ತಿದ್ದ.

ಡಯಾಲಿಸಿಸ್ ವಾರ್ಡಿನಲ್ಲಿ ಮೇಷ್ಟ್ರ ಹಾಸಿಗೆ ಖಾಲಿ ಕಂಡ ನರ್ಸು, ಮಗಳ ಮನೆಗೆ ಹೋಗಿರಬೇಕು ಅಂತ 'ಬಂದಿಲ್ಲ' ಅಂತ ಬರೆದಳು. ಹಿಂದೆ ಎರಡು ಸಲ ಅವರು ಹಾಗೆ ಹೋಗಿ ಅಲ್ಲಿಯ ಆಸ್ಪತ್ರೆಯಲ್ಲಿ ಮಾಡಿಸಿಕೊಂಡಿದ್ದು ನಿಜ. ಹನ್ನೆರಡಕ್ಕೆ ವಾಹನ ವಿಭಾಗ ಮುಚ್ಚಿತು. ಭಾನುವಾರ ರಜೆ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ವಾರ್ಡಿನಿಂದ ಫೋನು ಬಂತು. ಮೇಷ್ಟ್ರ ಕೆಳಗಿನ ಮನೆಯ ಹೆಂಗಸು ಬಾಗಿಲು ತಟ್ಟಿ, ತೆರೆಯದೆ, ಬೀಗದವನನ್ನು ಕರೆಸಿ ತೆಗೆಸಿದಳಂತೆ. ಹಾಸಿಗೆಯ ಪಕ್ಕ ನೆಲದ ಮೇಲಿದ್ದರಂತೆ. ಹೋಗಿ ಆರೇಳು ಗಂಟೆಯಾಗಿತ್ತಂತೆ.

"ಶನಿವಾರ ಅವರನ್ನ ಕರ್ಕೊಂಡು ಬಂದಿರಲಿಲ್ವಾ ಅಕ್ಕಾ?" ಅಂತ ನರ್ಸು ಕೇಳಿದಳು.

"ಬಂದಿರಬೇಕಲ್ಲ, ಎರವಲು ಗಾಡಿ..." ಅಂತ ಟಿಕ್ಕಕ್ಕ ಪರದೆ ನೋಡಿದಳು. ಹದಿನಾಲ್ಕು. ಎಡಗಡೆಯ ಪಟ್ಟಿಯನ್ನು ಕೆಳಗೆ ಸರಿಸಿದಳು. ಕಟ್ಟಕಡೆಯಲ್ಲಿ 'ಎರವಲು', ಪಕ್ಕದಲ್ಲಿ ಖಾಲಿ ಚೌಕ, ಟಿಕ್ ಇಲ್ಲ. ಟಿಕ್ ಹಾಕಿದಳು. ಶನಿವಾರ ಆರೂವರೆ, ಮೇಷ್ಟ್ರು ಅಂತ ಪರದೆ ಮೇಲೆ ಬಂತು. ಫೋನಿನಲ್ಲಿ ನರ್ಸು ಅಕ್ಕಾ ಅಕ್ಕಾ ಅಂತಲೇ ಇದ್ದಳು.

ಕೇಬಲ್ ಓಡಿಬಂದ. ಪರದೆ ನೋಡಿ ಕತ್ತಿನ ವೈರು ತೆಗೆದು ಕೈಯಲ್ಲಿ ಹಿಡಿದುಕೊಂಡ. "ಅಕ್ಕಾ, ನಾನು ಕೇಳಿದ್ದೆ. ಬೇರೆ ಸೇರುತ್ತಾ ಅಂತ ಕೇಳಿದ್ದೆ."

"ಕೇಳಿದ್ದೆ ಕಣೋ. ನೀನು ಕೇಳಿದ್ದೆ. ಹೆದರಬೇಡ, ನಾನು ಹೇಳ್ತೀನಿ."

ಸಾಹೇಬರು ಮಧ್ಯಾಹ್ನದೊಳಗೆ ವಿಚಾರಣೆ ಮುಗಿಸಿದರು. ಅವರಿಗೆ ಪ್ರೋಗ್ರಾಮಿನ ಮೇಲೆ ತಪ್ಪು ಬರುವುದು ಬೇಕಿರಲಿಲ್ಲ, ಯಾಕಂದರೆ ಅದನ್ನು ಮಾಡಿಸಿದ್ದು ಅವರೇ. ಟಿಕ್ಕಕ್ಕನ ಮೇಲೆ ಬರುವುದೂ ಬೇಕಿರಲಿಲ್ಲ. ಹಾಗಾದರೆ ಕೊನೆಗೆ ಸಿಕ್ಕಿದ್ದು ಯಾರು? ಬಾಯಿಲ್ಲದವರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಇಲ್ಲಿ ಎಮ್ಮೆಯೂ ಸತ್ತು ಮಲಗಿತ್ತು, ಬರೆ ಮಾತ್ರ ತಪ್ಪಲಿಲ್ಲ. ವರದಿಯ ಕೊನೆಯ ಸಾಲು ಹೀಗಿತ್ತು: ವಾಹನ ಬಾರದಿದ್ದಲ್ಲಿ ದೂರವಾಣಿ ಮೂಲಕ ತಿಳಿಸುವುದು ರೋಗಿಯ ಜವಾಬ್ದಾರಿ. ರೋಗಿಯು ಶನಿವಾರ ಒಮ್ಮೆಯೂ ಕರೆ ಮಾಡಿಲ್ಲ.

"ನಿಜ ತಾನೇ? ಕರೆ ಬಂದಿತ್ತಾ?" ಅಂತ ಸಾಹೇಬರು ಕೇಳಿದರು.

"ಇಲ್ಲ ಸಾರ್."

"ಮತ್ತೆ? ಒಂದು ಫೋನ್ ಮಾಡಿದ್ರೆ ಮುಗೀತಿತ್ತು. ಮಗಳು ಗುರುವಾರ ಬರ್ತಾರೆ, ಅವರ ಸಹಿ ಆದ್ರೆ ಕಡತ ಮುಚ್ಚಬಹುದು."

ಟಿಕ್ಕಕ್ಕ ಬಾಯಿ ತೆರೆದಳು. ಹತ್ತು ಸಾಲು ಕಣ್ಣ ಮುಂದೆ ಬಂತು. ಬಾಯಿ ಮುಚ್ಚಿಕೊಂಡಳು.

ಮನೆಯಲ್ಲಿ ಗಂಡ ದರ್ಜಿ. ಮುಂದಿನ ಕೋಣೆಯಲ್ಲೇ ಮಿಷಿನ್ನು ಹಾಕಿಕೊಂಡು ಹೊಲಿಯುತ್ತಾನೆ, ಮಾತು ಕಡಿಮೆ. ಅವಳು ಹೇಳಿದ್ದನ್ನೆಲ್ಲ ಪೆಡಲು ನಿಲ್ಲಿಸಿ ಕೇಳಿದ. ಇಂಪೊಸಿಷನ್ನಿನ ಮಾತು ಬಂದಾಗ ತಲೆ ತಗ್ಗಿಸಿದ. ಆವತ್ತು ಆ ತಮಾಷೆಯನ್ನು ಮನೆಗೆ ಬಂದು ಹೇಳಿ ಇಬ್ಬರೂ ನಕ್ಕಿದ್ದರು.

"ಯಾರಿಗೆ ಗೊತ್ತು ಇದು?"

"ಮೀಸೆಗೆ ಗೊತ್ತು. ಬೆಂಚಿನವರಿಗೆಲ್ಲ ಗೊತ್ತು. ಯಾರೂ ಬಾಯಿ ಬಿಡ್ತಾ ಇಲ್ಲ, ನನ್ನ ಮುಖ ನೋಡಿ ಸುಮ್ಮನಿದಾರೆ."

"ಹಾಗಿದ್ರೆ ನೀನೂ ಸುಮ್ಮನಿರು. ಎರಡು ವರ್ಷಕ್ಕೆ ಪಿಂಚಣಿ. ಹೇಳಿದ್ರೆ ಹೋದ ಜೀವ ಬರುತ್ತಾ?"

"ಬರಲ್ಲ."

"ಮತ್ತೆ?"

ಅವನು ಹೇಳಿದ್ದು ತಪ್ಪೇನೂ ಅಲ್ಲ. ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕತ್ತಿನವರೆಗೆ ಗುಂಡಿ ಹಾಕಿದ ಮುದುಕರು ಎಷ್ಟು ಹೊತ್ತು ಕೂತಿದ್ದರೋ, ಏನೇನು ಅಂದುಕೊಂಡರೋ, ಮೂರು ದಿನ ಅದೊಂದೇ ಯೋಚನೆ. ದೇವರೇ, ಒಂದೇ ಒಂದು ಸಲ ಮಾತು ಮೀರಿದ್ದರೆ ಏನಾಗುತ್ತಿತ್ತು ನಿಮಗೆ ಅಂತ ಸತ್ತವರ ಮೇಲೆಯೇ ಸಿಟ್ಟು ಬರುತ್ತಿತ್ತು. ಆಮೇಲೆ ಆ ಸಿಟ್ಟು ಬಂದಿದ್ದಕ್ಕೆ ತನ್ನ ಮೇಲೆಯೇ ಅಸಹ್ಯ.

ಗುರುವಾರ ಹನ್ನೊಂದಕ್ಕೆ ಮಗಳು ಬಂದಳು. ನಲವತ್ತರ ಸುಮಾರು, ಅಪ್ಪನ ಹಾಗೆಯೇ ನೆಟ್ಟಗೆ ಕೂರುವ ಅಭ್ಯಾಸ. ಸಾಹೇಬರು ಅವಳನ್ನು ವಾಹನ ವಿಭಾಗಕ್ಕೇ ಕರೆತಂದರು, ಪರದೆ ತೋರಿಸಿ ವಿವರಿಸಲು ಅನುಕೂಲ ಅಂತ. ಕೇಬಲ್ ಗೋಡೆಗೆ ಒರಗಿ ನಿಂತಿದ್ದ. ಬೆಂಚಿನ ಮೇಲೆ ಮೀಸೆ ಒಬ್ಬನೇ ಇದ್ದ. ಸಾಹೇಬರು ವರದಿ ಓದಿದರು. ಕೊನೆಯ ಸಾಲಿಗೆ ಬಂದಾಗ ಅವಳು ತಲೆಯಾಡಿಸಿದಳು.

"ಗೊತ್ತು ಸಾರ್. ಕೆಳಗಿನ ಮನೆಯವರು ಹೇಳಿದ್ರು. ಒಂಬತ್ತು ಗಂಟೆಗೆ ಅವರು ಕೇಳಿದ್ರಂತೆ, ಗಾಡಿ ಬರ್ಲಿಲ್ವಾ, ಫೋನ್ ಮಾಡಿ ಅಂತ. ಬಂದೇ ಬರುತ್ತೆ, ಫೋನ್ ಮಾಡಲ್ಲ ಅಂದ್ರಂತೆ ಅಪ್ಪ. ಮಧ್ಯಾಹ್ನದ ತನಕ ಆ ಕುರ್ಚಿ ಬಿಟ್ಟು ಏಳಲಿಲ್ಲವಂತೆ. ಆಮೇಲೆ ಮಂಗಳವಾರ ಹೇಗೂ ಬರುತ್ತೆ ಅಂತ ಮೇಲೆ ಹೋದ್ರಂತೆ. ಭಾನುವಾರ ನಾನು ಫೋನ್ ಮಾಡಿದಾಗ್ಲೂ ಒಂದು ಮಾತು ಹೇಳಲಿಲ್ಲ, ಸುಸ್ತು ಅಂದ್ರು ಅಷ್ಟೆ." ಅವಳ ದನಿ ಗಡುಸಾಯಿತು. "ಹಠ ಸಾರ್, ಬರೀ ಹಠ. ಜೀವನವಿಡೀ ಹಾಗೇ. ಇದನ್ನ ನೋಡಿ, ಫೋನು ಇಡೋ ಗೂಡಿನ ಮೇಲ್ಗಡೆ ಅಂಟಿಸಿಕೊಂಡಿದ್ರು."

ಚೀಲದಿಂದ ಹಾಳೆ ತೆಗೆದು ಮೇಜಿನ ಮೇಲಿಟ್ಟಳು. ಮೂಲೆಗಳಲ್ಲಿ ಗೋಡೆಯ ಸುಣ್ಣ ಅಂಟಿತ್ತು.

"ತಾವೇ ಬರೆದು, ತಾವೇ ಟಿಕ್ ಹಾಕಿ, ತಾವೇ ಹತ್ತಕ್ಕೆ ಹತ್ತು ಕೊಟ್ಕೊಂಡಿದಾರೆ. ಇಂಥವರಿಗೆ ಏನು ಹೇಳೋದು? ತಪ್ಪು ಅವರದೇ. ಎಲ್ಲಿ ಸಹಿ ಹಾಕಬೇಕು ಹೇಳಿ."

ಸಾಹೇಬರು ಪೆನ್ನು ಕೊಟ್ಟರು, ಬೆರಳಿಟ್ಟು ಜಾಗ ತೋರಿಸಿದರು. ಮೀಸೆ ನೆಲ ನೋಡಿದ. ಟಿಕ್ಕಕ್ಕನ ಕಣ್ಣು ಆ ಕೆಂಪು ಟಿಕ್ಕುಗಳ ಮೇಲೆಯೇ ಇತ್ತು. ಹತ್ತೂ ಟಿಕ್ಕುಗಳ ಬಾಲ ಮೇಲಕ್ಕೆ ತಿರುಗಿಕೊಂಡಿತ್ತು, ಅವಳು ಹಾಕುವುದೇ ಹಾಗೆ. ಸುಮ್ಮನಿದ್ದರೆ ಮುಗಿಯುತ್ತಿತ್ತು. ಎರಡು ವರ್ಷ, ಆಮೇಲೆ ಪಿಂಚಣಿ. ಆದರೆ ಎಂಥ ಅನ್ಯಾಯ ಇದು, ಹೇಳಿದ ಮಾತು ಕೇಳಿ ಸತ್ತವರಿಗೆ ಹಠಮಾರಿ ಅಂತ ಹೆಸರು.

"ಸಹಿ ಹಾಕಬೇಡಿಯಮ್ಮ," ಅಂದಳು.

"ಏನು?" ಅಂದರು ಸಾಹೇಬರು.

"ಆ ಟಿಕ್ಕು ಮೇಷ್ಟ್ರದಲ್ಲ. ನನ್ನದು. ಹತ್ತಕ್ಕೆ ಹತ್ತು ಕೊಟ್ಟವಳೂ ನಾನೇ. ಪದೇ ಪದೇ ಫೋನ್ ಮಾಡ್ತಾರೆ ಅಂತ, ಇನ್ನು ಮಾಡಲ್ಲ ಅಂತ ಹತ್ತು ಸಲ ಬರೆಯೋಕೆ ಹೇಳಿದ್ದೆ. ತಮಾಷೆಗೆ ಅಂದಿದ್ದು. ಅವರು ನಿಜವಾಗ್ಲೂ ಬರೆದು ಕಳಿಸಿದ್ರು. ಅಲ್ಲಿಂದ ಈಚೆಗೆ ಒಂದು ಸಲಾನೂ ಫೋನ್ ಮಾಡಲಿಲ್ಲ. ಅವರ ಗಾಡಿ ಬರೆದಿದ್ದ ಕ್ಯಾಲೆಂಡರು ಪಟ್ಟಿಯಲ್ಲಿ ಇಲ್ಲದೇ ಇದ್ದದ್ದೂ ನನ್ನ ತಪ್ಪೇ. ಈತ ಕೇಳಿದ್ದ, ನಾನೇ ಹದಿನಾಲ್ಕೇ ಅಂದೆ."

ಮಗಳು ಪೆನ್ನು ಕೆಳಗಿಟ್ಟಳು.

"ಅಂದ್ರೆ ಅಪ್ಪ ಹಠ ಮಾಡಲಿಲ್ಲ."

"ಇಲ್ಲಮ್ಮ."

"ಹೇಳಿದ ಮಾತು ಕೇಳಿದ್ರು."

"ಹೌದಮ್ಮ."

"ನಾನು ಅವರ ಹೆಣದ ಮುಂದೆ ನಿಂತ್ಕೊಂಡು ಬೈದೆ," ಅಂದಳು ಮಗಳು. "ಎಲ್ಲರ ಎದುರಿಗೆ. ಇಷ್ಟು ವಯಸ್ಸಾಗಿದೆ, ಒಂದು ಫೋನ್ ಮಾಡೋಕೆ ಏನಾಗಿತ್ತು ನಿಮಗೆ ಅಂತ. ಅಳಲಿಲ್ಲ ನಾನು. ಸಿಟ್ಟಲ್ಲಿ ಒಂದು ಹನಿ ಕಣ್ಣೀರು ಹಾಕಲಿಲ್ಲ."

ಈಗ ಅತ್ತಳು. ಟಿಕ್ಕಕ್ಕ ಎದ್ದು ಹತ್ತಿರ ಹೋದಳು, ಮುಟ್ಟಲು ಧೈರ್ಯವಾಗಲಿಲ್ಲ, ಅರ್ಧದಲ್ಲೇ ನಿಂತಳು. ಬಹಳ ಹೊತ್ತಿನ ಮೇಲೆ ಮಗಳು ಮುಖ ಒರೆಸಿಕೊಂಡು ಆ ಹಾಳೆಯನ್ನು ಅವಳ ಕಡೆ ತಳ್ಳಿದಳು.

"ನೀವೇ ಕೊಟ್ಟಿದ್ದಲ್ವಾ ಈ ಅಂಕ? ನೀವೇ ಹೊಡೆದುಹಾಕಿ."

ಟಿಕ್ಕಕ್ಕ ಕೆಂಪು ಪೆನ್ನು ತೆಗೆದಳು. ಪೆನ್ನಿನ ಮೊನೆ ಹಾಳೆಯ ಹತ್ತಿರ ಹೋಗಿದ್ದೇ, ಮಗಳು ಹಾಳೆಯನ್ನು ಹಿಂದಕ್ಕೆ ಎಳೆದುಕೊಂಡಳು.

"ಬೇಡ, ಬಿಡಿ. ಪ್ರಶ್ನೆಪತ್ರಿಕೆಯಲ್ಲೇ ತಪ್ಪಿದ್ರೆ ಅಪ್ಪ ಮಕ್ಕಳಿಗೆ ಪೂರ್ತಿ ಅಂಕ ಕೊಡ್ತಿದ್ರು. ಇದು ಅವರಿಗೆ ಸಲ್ಲಬೇಕಾದ್ದೇ."

ಮಡಿಸಿ ಚೀಲಕ್ಕೆ ಹಾಕಿಕೊಂಡಳು. ವರದಿಗೆ ಸಹಿ ಹಾಕಲಿಲ್ಲ. ಹೋಗುವಾಗ ಟಿಕ್ಕಕ್ಕನ ಕಡೆ ತಿರುಗಿ ನೋಡಲೂ ಇಲ್ಲ. ಕ್ಷಮಿಸಿದೆ ಅಂತ ಅಂದಿದ್ದರೆ ಟಿಕ್ಕಕ್ಕನಿಗೆ ಆ ಮಾತನ್ನು ತಡೆದುಕೊಳ್ಳಲು ಆಗುತ್ತಿರಲಿಲ್ಲ.

ಅಮಾನತಿನ ಕಾಗದ ಶುಕ್ರವಾರ ಸಂಜೆ ಬಂತು. ಶನಿವಾರ ಬೆಳಿಗ್ಗೆ ಬಂದು ಸದ್ಯಕ್ಕೆ ಮೀಸೆಗೆ ಕೆಲಸ ವಹಿಸಿಕೊಟ್ಟು ಹೋಗಬೇಕು. ಗಂಡ ಬೆಳಿಗ್ಗೆ ಐದಕ್ಕೆ ತಾನೇ ಎದ್ದು ಟೀ ಮಾಡಿಕೊಟ್ಟ.

ಕೇಬಲ್ ಅಷ್ಟರಲ್ಲಿ ಪಟ್ಟಿಗೆ ಹದಿನೈದನೆಯದನ್ನೂ ಸೇರಿಸಿದ್ದ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಟಿಕ್ಕಕ್ಕ ಅವನನ್ನು ಕರೆದು, "ಈವತ್ತೊಂದು ದಿನ ಅದನ್ನ ನಿಲ್ಲಿಸು" ಅಂದಳು. ಅವನು ನಿಲ್ಲಿಸಿದ. ಖಾಲಿ ಪರದೆ ಬಂತು. ಡ್ರೈವರುಗಳು ಬೆಂಚಿನ ಮೇಲೆ ಕೂತಿದ್ದರು, ಯಾರೂ ಬೇಗ ಹೊರಡುವ ಆತುರದಲ್ಲಿರಲಿಲ್ಲ.

"ಒಂದು, ಗುಂಡ."

"ಇದ್ದೀನಿ ಅಕ್ಕಾ."

"ಎರಡು, ಸೈಲೆಂಟು."

"ಇದ್ದೀನಿ," ಅಂದ ಸೈಲೆಂಟು. ಯಾರೂ ನಗಲಿಲ್ಲ.

ಹದಿನಾಲ್ಕೂ ಮುಗಿಯಿತು. "ಎರವಲು," ಅಂತ ಮೆಲ್ಲಗೆ ಹೇಳಿ ಕೊನೆಯ ಟಿಕ್ ಹಾಕಿದಳು. ಒಂಬತ್ತು ರಿಪೇರಿಯಾಗಿ ಬಂದಿತ್ತು, ಎರವಲು ಗಾಡಿಯ ಕೆಲಸ ಮುಗಿದಿತ್ತು. ಆದರೆ ಆ ಕ್ಯಾಲೆಂಡರಿನಲ್ಲಿ ಮೇಷ್ಟ್ರ ಸಾಲು ಹಾಗೇ ಇತ್ತು. ಮಂಗಳವಾರ, ಗುರುವಾರ, ಶನಿವಾರ, ಆರೂವರೆ. ಮುಂದಿನ ವಾರವೂ ಇತ್ತು, ಮುಂದಿನ ತಿಂಗಳೂ ಇತ್ತು. ಇಂಥವರಿಗೆ ಕೊನೆಯ ದಿನಾಂಕ ಹಾಕುವುದಿಲ್ಲ, ಅದು ಅಲ್ಲಿನ ಪದ್ಧತಿ.

ಇಂದಿನ ಆರೂವರೆಯ ಮೇಲೆ ಬೆರಳಿಟ್ಟು ಅಳಿಸು ಅಂತ ಒತ್ತಿದಳು. ಈ ಒಂದು ದಿನದ್ದು ಮಾತ್ರ ಅಳಿಸಬೇಕೋ, ಎಲ್ಲವನ್ನೂ ಅಳಿಸಬೇಕೋ ಅಂತ ಕಂಪ್ಯೂಟರು ಕೇಳಿತು. ಬೆಂಚಿನಿಂದ ಮೀಸೆ ಎದ್ದು ಬಂದು ಅವಳ ಹಿಂದೆ ನಿಂತ. ಗಡಿಯಾರದಲ್ಲಿ ಆರೂ ಹತ್ತಾಗಿತ್ತು. ಆರೂವರೆಯ ತನಕ ಅವಳು ಕೈ ಆಡಿಸಲಿಲ್ಲ. ಆಮೇಲೆ 'ಎಲ್ಲವೂ' ಅಂತ ಒತ್ತಿ, ಕೀಲಿಕೈ ಮೀಸೆಯ ಕೈಗೆ ಕೊಟ್ಟು ಎದ್ದಳು.